ಉದ್ದಣ್ಣನ ಕುರ್ಚಿ ಮತ್ತು ಹಳೇ ಬಿಲ್ಲಿನ ಮಿಷನ್ನು

ಬಾರಿನ ಕತೆ ಹೇಳಲು ಬಾರಿನ ಒಳಹೊರಗು ಬಲ್ಲವರು ಬೇಕು. ಮಿಷನ್ನಿನ ಕತೆ ಹೇಳಲು ಮಿಷನ್ನು ಬಲ್ಲವರು ಬೇಕು. ಇಲ್ಲಿ ಎರಡೂ ಅರೆಬರೆ. ಆದರೂ ಉದ್ದಣ್ಣನ ಆ ಒಂದು ದಿನವನ್ನು ಹೇಳದೆ ಬಿಟ್ಟರೆ ಅವನಿಗೆ ಅನ್ಯಾಯವಾದೀತೆಂಬ ಅಳುಕಿನಿಂದ ಹೇಳಬೇಕಾಗಿ ಬಂದಿದೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಎಲ್ಲದಕ್ಕೂ ಮೂಲ ಉದ್ದಣ್ಣನ ಪಾದ. ಬಾರಿನಲ್ಲಿ ಸಪ್ಲೈಯರ್ ಆಗಿದ್ದ ಅವನಿಗೆ ದೇವರು ಎತ್ತರವನ್ನು ಧಾರಾಳವಾಗಿ ಕೊಟ್ಟು, ಪಾದದ ಹತ್ತಿರ ಬರುವಷ್ಟರಲ್ಲಿ ಬೇಸತ್ತು ಚಪ್ಪಟೆ ಮಾಡಿ ಕೈತೊಳೆದುಕೊಂಡಿದ್ದ. ಒದ್ದೆ ಕಾಲಲ್ಲಿ ನಡೆದರೆ ನೆಲದ ಮೇಲೆ ಹೆಜ್ಜೆ ಮೂಡುತ್ತಿರಲಿಲ್ಲ, ಮಣೆ ಮೂಡುತ್ತಿತ್ತು. ಟ್ರೇ ಹಿಡಿದು ಓಡಾಡಿ ಓಡಾಡಿ ಸಂಜೆಯಾಗುವಷ್ಟರಲ್ಲಿ ಆ ಮಣೆಗಳು ಕಾದ ಕಾವಲಿಯಾಗುತ್ತಿದ್ದವು. ಅವನಿಗೆ ಜೀವನದಲ್ಲಿ ಬೇಕಾಗಿದ್ದು ಒಂದೇ: ಕೌಂಟರಿನ ಹಿಂದಿನ ಕುರ್ಚಿ. ಅದರ ಮೇಲೆ ಯಜಮಾನರು ಕೂತು ಬಿಲ್ಲು ಬರೆಯುತ್ತಿದ್ದರು, ಆಕಳಿಸುತ್ತಿದ್ದರು.

ಆ ಬೆಳಿಗ್ಗೆ ಯಜಮಾನರು ಗುಜರಿ ಅಂಗಡಿಯಿಂದ ಹಳೇ ಬಿಲ್ಲಿಂಗ್ ಮಿಷನ್ ತಂದು ಕೌಂಟರ್ ಮೇಲೆ ಕುಕ್ಕಿದರು. ಬೆರಳಿಂದ ಮುಟ್ಟುವ ಪರದೆ, ಬಿಲ್ಲು ಉಗುಳುವ ಪ್ರಿಂಟರು, ಕೆಳಗೊಂದು ಗಲ್ಲಾಪೆಟ್ಟಿಗೆ. ಬೆನ್ನಿಗೆ, ಗಿರಾಕಿಗಳ ಕಡೆ ಮುಖ ಮಾಡಿದ ಗೇಣುದ್ದದ ಇನ್ನೊಂದು ಪರದೆ.

"ಹಿಂದಿಂದು ಸತ್ತೋಗಿದೆಯಂತೆ, ಅದರ ತಂಟೆಗೆ ಹೋಗ್ಬೇಡ," ಎಂದರು ಯಜಮಾನರು. "ಮಕ್ಕಳ ಬಟ್ಟೆ ಅಂಗಡಿ ಮುಚ್ಚಿದಾಗ ಮಾರಿದ್ದು. ನೋಡು ಉದ್ದಣ್ಣ, ಸಂಜೆ ಬಾಗಿಲು ತೆಗೆಯೋ ಹೊತ್ತಿಗೆ ಇದ್ರಿಂದ ಬಿಲ್ಲು ಬಂದ್ರೆ ಈ ಕುರ್ಚಿ ನಿಂದು. ಬರ್ಲಿಲ್ಲ ಅಂದ್ರೆ ಜೀವಮಾನ ಪೂರ್ತಿ ಟ್ರೇನೇ ನಿಂದು."

ಉದ್ದಣ್ಣ ಮಿಷನ್ ಚಾಲೂ ಮಾಡಿದ. ಅದು ಪಾಸ್‌ವರ್ಡ್ ಕೇಳಿತು. ಇವನು ಏನು ಒತ್ತಿದರೂ ‘ತಪ್ಪು’ ಎಂದಿತು, ಅತ್ತೆಯ ಹಾಗೆ.

ಪಕ್ಕದ ಕ್ಷೌರದಂಗಡಿಯವನು ಕೈಯಲ್ಲಿ ಕತ್ತರಿ ಹಿಡಿದೇ ಓಡಿಬಂದ. ಅವನ ಅಂಗಡಿಯಲ್ಲಿ ಒಬ್ಬ ಗಿರಾಕಿ ಅರ್ಧ ಮೀಸೆಯಲ್ಲಿ ಕಾಯುತ್ತಿದ್ದ.

"ಬೆನ್ನಿಗೆ ಎರಡು ಗುದ್ದು ಹಾಕು, ಸರಿಹೋಗುತ್ತೆ. ನಮ್ಮನೆ ಟಿವಿಗೆ ಹಾಗೇ ಮಾಡೋದು."

"ಗುದ್ದಿದ್ದಕ್ಕೆ ಸರಿಯಾಯ್ತಾ?"

"ಇಲ್ಲ. ಆದ್ರೆ ಮನಸ್ಸಿಗೆ ನೆಮ್ಮದಿ ಆಯ್ತು."

ಕೊನೆಗೆ ಉದ್ದಣ್ಣ ತನ್ನ ಹೆಂಡತಿಯ ತಮ್ಮನಿಗೆ ಫೋನ್ ಮಾಡಿದ. ಬಾಮೈದ ಬಂದ, ಮಿಷನ್ನನ್ನು ಡಾಕ್ಟರಂತೆ ಸುತ್ತಮುತ್ತ ನೋಡಿದ. "ಭಾವಾ, ಹಳೇ ಸಾಫ್ಟ್‌ವೇರ್‌ಗೆ ಎಳ್ಳುನೀರು ಬಿಡೋಣ. ಹೊಸದು, ಪುಕ್ಕಟೆ ಸಿಗೋದು, ಹಾಕ್ತೀನಿ. ದೇಹ ಅದೇ, ಆತ್ಮ ಬೇರೆ," ಎಂದು ಪೆನ್‌ಡ್ರೈವ್ ಚುಚ್ಚಿದ. ಪರದೆ ಕಪ್ಪಾಯಿತು, ನೀಲಿಯಾಯಿತು, ಮತ್ತೆ ಕಪ್ಪಾಯಿತು. ಉದ್ದಣ್ಣನ ಮುಖವೂ ಜೊತೆಜೊತೆಗೆ ಬಣ್ಣ ಬದಲಿಸಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊಸ ಆತ್ಮ ಕಣ್ಣುಬಿಟ್ಟಿತು.

ಪರೀಕ್ಷೆಗೆಂದು ಒಂದು ಬಿಲ್ಲು ಒತ್ತಿದರು. ಗಲ್ಲಾಪೆಟ್ಟಿಗೆ ಟಣ್ಣೆಂದು ಹೊರಗೆ ಹಾರಿ ಉದ್ದಣ್ಣನ ಹೊಟ್ಟೆಗೆ ಗುದ್ದಿತು. ಪ್ರಿಂಟರಿನಿಂದ ಬಿಲ್ಲು ಬಂತು. ಅದರ ನೆತ್ತಿಯ ಮೇಲೆ, ಬಾಯಿಗೆ ಹಾಲಿನ ಬಾಟ್ಲಿ ಇಟ್ಟುಕೊಂಡು ನಗುತ್ತಿರುವ ದುಂಡನೆಯ ಕೂಸಿನ ಚಿತ್ರ.

"ಅಯ್ಯೋ, ಇದೇನೋ ಇದು!"

"ಬಟ್ಟೆ ಅಂಗಡಿ ಗುರುತು ಭಾವಾ. ಪ್ರಿಂಟರ್ ಹೊಟ್ಟೆಯೊಳಗೇ ಕೂತಿದೆ, ತೆಗೆಯೋಕೆ ನಂಗೆ ಬರಲ್ಲ. ಬಾರಿಗೆ ಒಪ್ಪುತ್ತೆ ಬಿಡಿ, ಬಾಟ್ಲಿ ಇದೆಯಲ್ಲ." ಇಷ್ಟು ಹೇಳಿ ಬಾಮೈದ ತನಗೆ ಕೆಲಸವಿದೆಯೆಂದು ಜಾರಿಕೊಂಡ.

ಇನ್ನು ಉಳಿದದ್ದು ಟೇಬಲ್‌ಗಳ ಹೆಸರು ತುಂಬುವುದು. ಪಡಿಪಾಟಲು ಹುಟ್ಟಿದ್ದು ಇಲ್ಲೇ. ಆ ಬಾರಿನ ಟೇಬಲ್‌ಗಳಿಗೆ ನಂಬರೇ ಇರಲಿಲ್ಲ. ಗಿರಾಕಿಗಳು ಅವನ್ನು ಎಳೆದಾಡಿ ಕೂಡಿಸುತ್ತಿದ್ದರು, ಬಿಡಿಸುತ್ತಿದ್ದರು, ನಂಬರಿಟ್ಟರೂ ನಿಲ್ಲುವಂತಿರಲಿಲ್ಲ. ಆದ್ದರಿಂದ ಸಪ್ಲೈಯರುಗಳು, ಅಡುಗೆಯವನು, ಎಲ್ಲರೂ ಕೂರುವವರ ಗುಣ ನೋಡಿ ಗುಟ್ಟಾಗಿ ಅಡ್ಡಹೆಸರಿಟ್ಟುಕೊಂಡಿದ್ದರು. "ಉಪದೇಶಿಗೆ ಆಮ್ಲೆಟ್!" "ನಾಳೆ ಬಿಡ್ತೀನಿಗೆ ಇನ್ನೊಂದು!" ಎಂಬ ಕೂಗು ಅಡುಗೆಮನೆಯ ಬಾಗಿಲು ದಾಟಿ ಒಮ್ಮೆಯೂ ಹೊರಗೆ ಬಂದಿರಲಿಲ್ಲ. ಉದ್ದಣ್ಣ ಅದೇ ಹೆಸರುಗಳನ್ನು ನಿಧಾನವಾಗಿ, ಒಂದಕ್ಷರ ತಪ್ಪದಂತೆ ತುಂಬಿದ. ಬಿಲ್ಲಿನ ಮೇಲೆ ಅವು ಬರುವುದಿಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡ. ಎಷ್ಟಾದರೂ ಹುಷಾರಿನ ಮನುಷ್ಯ.

ಸಂಜೆ ಬಾಗಿಲು ತೆರೆಯಿತು. ಉದ್ದಣ್ಣ ಕುರ್ಚಿಯ ಮೇಲೆ ಕೂತ. ಕಾಲನ್ನು ಕುರ್ಚಿಯ ಅಡ್ಡಪಟ್ಟಿಗೆ ಏರಿಸಿದ, ಪಾದಗಳು ನೆಲದಿಂದ ಒಂದಿಷ್ಟು ಮೇಲೆ ತೇಲಿದವು. ಆಹಾ! ಸಿಂಹಾಸನದ ಸುಖ ಅರಸನಿಗೆ ತಿಳಿಯುವುದಿಲ್ಲ, ನಿಂತೇ ಸವೆದವನಿಗೆ ತಿಳಿಯುತ್ತದೆ.

ಮೊದಲು ಬಿಲ್ಲಿಗೆ ಬಂದವರು ನಿವೃತ್ತ ಮೇಷ್ಟ್ರು. ಅಡುಗೆಮನೆಯ ಭಾಷೆಯಲ್ಲಿ ‘ಉಪದೇಶಿ’. "ನೋಡಪ್ಪಾ, ಈ ಯಂತ್ರಗಳ ಕಾಲದಲ್ಲಿ ಮನುಷ್ಯ…" ಎಂದು ಶುರುಮಾಡಿದವರು ಮಿಷನ್ನಿನ ಬೆನ್ನನ್ನು ನೋಡಿದರು. ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಒಂದೂ ಮಾತಿಲ್ಲದೆ ಹಿಂದಿರುಗಿ ಹೋಗಿ ಸುಮ್ಮನೆ ಕೂತುಬಿಟ್ಟರು.

‘ಪಾಪ, ಹೊಟ್ಟೆ ಸರಿಯಿಲ್ಲವೇನೋ,’ ಎಂದುಕೊಂಡ ಉದ್ದಣ್ಣ.

ಆಮೇಲೆ ಬಂದವನು ಇಡೀ ಸಂಜೆಯನ್ನು ಒಂದು ಗ್ಲಾಸಿನಲ್ಲಿ ಕಳೆಯುವ ಆಸಾಮಿ. ಮಿಷನ್ನಿನ ಬೆನ್ನು ನೋಡಿದ, ಕಿವಿ ಕೆಂಪಾಯಿತು. "ಇ… ಇನ್ನೊಂದು ಕೊಡಿ. ಅಲ್ಲ, ಎರಡು ಕೊಡಿ," ಎಂದ. ಸಪ್ಲೈಯರ್ ಕೈಯಿಂದ ಟ್ರೇ ಜಾರಿತು. ಇನ್ನಿಬ್ಬರು ಬಿಲ್ಲು ಮಾಡಿಸಿ, ನೋಡಿ, ಹೋಗಿ ಕೂತರು. ಅವರ ಹಿಂದೆ ಬಂದವನು ಅಕ್ಕಪಕ್ಕದವರ ತಟ್ಟೆಗೆ ಕೈಹಾಕಿ ಕಡಲೆಬೀಜ ತಿನ್ನುವುದರಲ್ಲಿ ನಿಸ್ಸೀಮ. ಅವನೂ ನೋಡಿದ. ತಕ್ಷಣ ದೊಡ್ಡ ತಟ್ಟೆ ತುಂಬ ಕಡಲೆಬೀಜ ತರಿಸಿ, "ತಗೊಳ್ಳಿ ಸ್ವಾಮಿ, ನೀವೂ ತಗೊಳ್ಳಿ," ಎಂದು ಟೇಬಲ್ ಟೇಬಲ್‌ಗೂ ಹಂಚತೊಡಗಿದ.

ಉದ್ದಣ್ಣನಿಗೆ ರೋಮಾಂಚನವಾಯಿತು. ಎಲ್ಲ ಆ ಕೂಸಿನ ಕಾಲ್ಗುಣ ಎಂದು ಬಿಲ್ಲಿನ ಚಿತ್ರಕ್ಕೆ ಮನಸ್ಸಿನಲ್ಲೇ ಕೈಮುಗಿದ.

ಆಗ ಕ್ಷೌರದಂಗಡಿಯವನು ಒಳಗೆ ಬಂದ, ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲಯ್ಯಾ ಉದ್ದಣ್ಣ, ಊರೋರ ಮಾನಾನೆಲ್ಲ ದೀಪ ಹಚ್ಚಿ ಮೆರವಣಿಗೆ ಮಾಡಿಸ್ತಿದ್ದೀಯಲ್ಲ!"

ಉದ್ದಣ್ಣ ಕುರ್ಚಿಯಿಂದಿಳಿದು ಆಚೆ ಬದಿಗೆ ಬಂದು ನೋಡಿದ. ಸತ್ತುಹೋಗಿದೆ ಎಂದಿದ್ದ ಪರದೆ ಸತ್ತಿರಲಿಲ್ಲ. ಹಳೇ ಸಾಫ್ಟ್‌ವೇರ್ ಅದನ್ನು ಎಬ್ಬಿಸಿರಲಿಲ್ಲ. ಹೊಸದು ಎಬ್ಬಿಸಿ ಕೂರಿಸಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ ಹೊಳೆಯುತ್ತಿತ್ತು: ‘ಕಡಲೆಕಳ್ಳ. ಧನ್ಯವಾದ, ಮತ್ತೆ ಬನ್ನಿ.’

ಅವನ ಕಾಲ ಕೆಳಗಿನ ಭೂಮಿ ಕುಸಿಯಿತು. ಅಷ್ಟು ಚಪ್ಪಟೆ ಪಾದಕ್ಕೂ ಹಿಡಿತ ಸಿಗಲಿಲ್ಲ. ಹಿಂದೆ ಯಜಮಾನರು ನಿಂತಿದ್ದರು. ಗಿರಾಕಿಗಳೆಲ್ಲ ಎದ್ದು ಬಂದು ಸುತ್ತುವರಿದರು.

"ನಮ್ಮ ಬೆನ್ನ ಹಿಂದೆ ಇದೇನಾ ಕರೆಯೋದು?" ಎಂದರು ಮೇಷ್ಟ್ರು.

"ಸಾರ್, ಅದು… ಅಡುಗೆಮನೆ ಅನುಕೂಲಕ್ಕೆ…"

"ಕುರ್ಚಿ ಬಿಡು," ಎಂದರು ಯಜಮಾನರು ಹಲ್ಲುಕಚ್ಚಿ. "ಈಗಲೇ ಬಿಡು."

ಅಷ್ಟರಲ್ಲಿ ಗುಂಪಿನ ನಡುವಿನಿಂದ ಒಬ್ಬರು ಗಹಗಹಿಸಿ ನಕ್ಕರು. ಅದು ‘ನಾಳೆ ಬಿಡ್ತೀನಿ’. "ನಮ್ಮನೆಯವಳು ಮದುವೆಯಾದಾಗಿಂದ ಹೇಳ್ತಾ ಬಂದಿದ್ದನ್ನ ಈ ಡಬ್ಬಿ ಎರಡೇ ಮಾತಲ್ಲಿ ಹೇಳ್ತಲ್ರೀ! ಯಜಮಾನ್ರೇ, ಆ ಹೆಸರು ನನಗೇ ಇರ್ಲಿ. ಬೇರೆಯವರಿಗೆ ಕೊಡಬೇಡಿ." ಕಡಲೆಕಳ್ಳ ನಕ್ಕ. ಮೇಷ್ಟ್ರಿಗೂ ತಡೆಯಲಾಗಲಿಲ್ಲ. ನಗು ಬೆಂಕಿಯಂತೆ ಟೇಬಲಿನಿಂದ ಟೇಬಲಿಗೆ ಹತ್ತಿತು.

ಒಬ್ಬ ಮಾತ್ರ ನಗಲಿಲ್ಲ. ಮೂಲೆಯಲ್ಲಿ ಒಬ್ಬನೇ ಕೂರುವ, ಯಾವುದೋ ಆಫೀಸಿನ ಗುಮಾಸ್ತ. ಅವನು ಬಂದು ಕೌಂಟರಿಗೆ ಕೈಯೂರಿ ನಿಂತ.

"ಎಲ್ಲರಿಗೂ ಹೆಸರಿಟ್ಟಿದ್ದೀಯ. ನನ್ನದು ಬರೀ ‘ಮೂಲೆ’ ಅಂತ ಬಂತು. ಆಫೀಸಲ್ಲೂ ನಾನು ಮೂಲೆ, ಮನೇಲೂ ಮೂಲೆ. ಇಲ್ಲೂನಾ?"

ನಗು ನಿಂತಿತು. ಉದ್ದಣ್ಣ ಅವನನ್ನು ದಿಟ್ಟಿಸಿದ. ಅದೆಷ್ಟೋ ಸಂಜೆಗಳು ಟ್ರೇಯ ಅಂಚಿನಿಂದ ಕಂಡ ಮುಖ.

"ಸಾರ್, ನೀವು ‘ಹೊರಟೆ’ ಅಂತ ಏಳ್ತೀರ, ಮತ್ತೆ ಕೂರ್ತೀರ. ಚೀಲ ಹೆಗಲಿಗೆ ಹಾಕ್ತೀರ, ಮತ್ತೆ ಕೆಳಗಿಡ್ತೀರ. ಬಾಗಿಲವರೆಗೂ ಹೋಗಿ ವಾಪಸ್ ಬರ್ತೀರ. ನಿಮಗೆ… ‘ಹೊರಟೆ ಹೊರಟೆ’ ಅಂತ ಇಡ್ಲಾ?"

ಗುಮಾಸ್ತನ ಕಣ್ಣು ತುಂಬಿತು. "ಹಾಗಾದ್ರೆ ನೀನು ನನ್ನ ನೋಡಿದ್ದೀಯ!" ಎಂದ. "ಸರಿ, ಹೊರಟೆ," ಎಂದು ಕಣ್ಣೊರೆಸಿಕೊಂಡ. ಹೋಗಿ ಮತ್ತೆ ಮೂಲೆಯಲ್ಲಿ ಕೂತ. ಬಾರಿಗೆ ಬಾರೇ ಚಪ್ಪಾಳೆ ತಟ್ಟಿತು. ಉದ್ದಣ್ಣ ಕೌಂಟರಿನ ಹಿಂದೆ ಹೋಗಿ ಅವನ ಹೆಸರು ಒತ್ತಿದ, ಪರದೆಯಲ್ಲಿ ಅದು ಬೆಳಗಿತು, ಗಲ್ಲಾಪೆಟ್ಟಿಗೆ ಟಣ್ಣೆಂದು ಗುದ್ದಿತು. ಈ ಸಲ ನೋವೇ ಆಗಲಿಲ್ಲ.

ಸುದ್ದಿ ಬೀದಿಗೆ ಹಬ್ಬಿತು. ಅದನ್ನು ಹಬ್ಬಿಸುವುದಕ್ಕೆ ಕ್ಷೌರದಂಗಡಿಯವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿಂದೆಂದೂ ಆ ಹೊಸ್ತಿಲು ತುಳಿಯದವರೆಲ್ಲ ಬಂದು, "ನಮಗೂ ಒಂದು ಹೆಸರು," ಎಂದು ಕುತ್ತಿಗೆ ಚಾಚಿದರು. ಕೂರಲು ಜಾಗ ಸಾಲದೆ ನಿಂತೇ ಕುಡಿದರು. ಕೂಸಿನ ಚಿತ್ರದ ಬಿಲ್ಲನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಯಜಮಾನರು ಉದ್ದಣ್ಣನನ್ನು ತಬ್ಬಿಕೊಳ್ಳಲು ಹೋಗಿ, ಎತ್ತರ ಎಟುಕದೆ, ಅವನ ಎದೆಗೆ ಹಣೆ ಒತ್ತಿದರು.

"ಗೆದ್ದೆ ಕಣಯ್ಯಾ! ನೀನು ಸಾಮಾನ್ಯದವನಲ್ಲ!"

ಉದ್ದಣ್ಣ ಹಿಗ್ಗಿನಿಂದ ಹಿಂದೆ ಸರಿದು ಕುರ್ಚಿಯ ಮೇಲೆ ಕೂರಲು ಮಂಡಿ ಬಗ್ಗಿಸಿದ. ಅಷ್ಟರಲ್ಲಿ ಅದರ ಮೇಲೆ ಯಜಮಾನರು ಕೂತಾಗಿತ್ತು.

"ಏನಯ್ಯಾ, ಕೂತುಬಿಟ್ರೆ ಹೆಂಗೆ?" ಎಂದರು ಅವರು, ಅತ್ಯಂತ ಪ್ರೀತಿಯಿಂದ. "ಕೌಂಟರಿನ ಹಿಂದೆ ಕೂತ್ರೆ ಯಾರ ಗುಣ ಕಾಣುತ್ತೆ? ಇಷ್ಟು ವರ್ಷ ಓಡಾಡಿದ್ದಕ್ಕೆ ತಾನೆ ನಿನಗೆ ಈ ಕಣ್ಣು ಬಂದಿದ್ದು? ಇವತ್ತಿಂದ ನೀನು ಟೇಬಲ್ ಟೇಬಲ್‌ಗೂ ಹೋಗ್ಬೇಕು, ಹೊಸಬರನ್ನ ಮಾತಾಡಿಸ್ಬೇಕು, ಹೆಸರು ಹುಡುಕಿ ತಂದು ನನಗೆ ಹೇಳ್ಬೇಕು. ಬಟನ್ ಒತ್ತೋ ಕೆಲಸ ಏನು ಮಹಾ, ನಾನು ಮಾಡ್ತೀನಿ."

ಗಿರಾಕಿಗಳೆಲ್ಲ ಜಯಕಾರ ಹಾಕಿದರು. ಉದ್ದಣ್ಣ ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದಿಟ್ಟ.

"ಇರು ಇರು," ಎಂದರು ಯಜಮಾನರು. "ಹೆಂಗೂ ಹೋಗ್ತೀಯಲ್ಲ, ಬರಿಗೈಲಿ ಯಾಕೆ? ಆ ಟ್ರೇ ತಗೊಂಡು ಹೋಗು."

ಅಂದು ಮನೆಗೆ ಹೋಗಿ ಅವನು ಹೆಂಡತಿಯ ಮುಂದೆ ಮೊದಲು ಏನೆಂದನೋ, ‘ಗೆದ್ದೆ ಕಣೇ’ ಎಂದನೋ, ‘ಕಾಲಿಗೆ ಬಿಸಿನೀರು ಕಾಯಿಸು’ ಎಂದನೋ, ಅದು ಮಾತ್ರ ಗೊತ್ತಿಲ್ಲ.