ಲೋಕಾಂತ್ಯಕ್ಕೆ ಶುಭ ಕೋರುವವರು

ಟೀ ಕೊಡಲು ಬಂದ ಹುಲಿಯಪ್ಪ ಟೀ ಕೊಟ್ಟು ಸುಮ್ಮನೆ ಹೋಗಿದ್ದರೆ ನಂಜುಂಡೇಶನ ಮದುವೆ ಆಗುತ್ತಿತ್ತೋ ಏನೋ. ಅವನು ಹೋಗಲಿಲ್ಲ. ಕಂಪ್ಯೂಟರಿನೊಳಗೆ ಇಣುಕಿದ.

ಹಳ್ಳಿಮೈಸೂರಿನ ಬಸ್ ಸ್ಟಾಪಿನ ಎದುರು ನಂಜುಂಡೇಶನ ಫ್ಲೆಕ್ಸ್ ಅಂಗಡಿ. ಅಂದು ಮಧ್ಯಾಹ್ನ ಅರಕಲಗೂಡಿನಿಂದ ಪರಮಶಿವಯ್ಯನವರು ಬರುವವರಿದ್ದರು. ಅವರ ಮಗಳು ಮೇಘಶ್ರೀ ಹುಡುಗನನ್ನು ಒಪ್ಪಿದ್ದಳು. ಅಪ್ಪ ಅಂಗಡಿಯನ್ನು ಒಪ್ಪಬೇಕಿತ್ತು. ಪಾಪ, ನಂಜುಂಡೇಶನಿಗೆ ಮೂವತ್ತೇಳು ದಾಟಿತ್ತು. ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು ಬಂದ ಊರುಗಳಿಗೆಲ್ಲ ಗುರುತು ಹಾಕಿದರೆ ಚನ್ನರಾಯಪಟ್ಟಣದಿಂದ ಹಾಸನದವರೆಗೆ ಒಂದು ಭೂಪಟವಾಗುತ್ತಿತ್ತು. ಇದೂ ತಪ್ಪಿದರೆ ನೋಡಲು ಇನ್ನು ಊರೇ ಉಳಿದಿರಲಿಲ್ಲ.

ಕಂಪ್ಯೂಟರಿನಲ್ಲಿದ್ದದ್ದೂ ಭೂಪಟವೇ. ಹಾಸನದ ಪಾಸ್ಟರ್ ಅಮರನಾಥ ಅವರು ಪ್ರಾರ್ಥನಾ ಕೂಟಕ್ಕೆ ಹೇಳಿದ್ದ 'ಕಡೆಯ ದಿನಗಳಲ್ಲಿ ಜನಾಂಗಗಳು' ಎಂಬ ಫ್ಲೆಕ್ಸ್. ನಡುವೆ ಇಸ್ರೇಲ್, ಮೇಲೆ ಬೈಬಲಿನ ಗೋಗ್ ಮಾಗೋಗ್ ಎಂಬ ಜನಾಂಗಗಳು, ಬಲಕ್ಕೆ ಮೂಡಣದ ಅರಸರು, ಕೆಳಗೆ ಸಿಂಹಾಸನದ ಮುಂದೆ ಬಿಳಿ ನಿಲುವಂಗಿ ತೊಟ್ಟ 'ಸಕಲ ಜನಾಂಗಗಳು'.

"ಇದ್ರಾಗೆ ನಮ್ ಇಂಡಿಯಾ ಎಲ್ಲೈತ್ಲಾ?" ಎಂದ ಹುಲಿಯಪ್ಪ.

"ಇಲ್ಲ ಕಣಣ್ಣ. ಪಾಸ್ಟರ್ ಕೊಟ್ಟಂಗೆ ಆಕಿವ್ನಿ."

"ಲೋಕಾನೇ ಮುಳುಗಿಸ್ತಾವ್ರೆ, ನಮ್ಗೊಂದ್ ಮಾತು ಏಳ್‌ಬ್ಯಾಡ್ವಾ?"

ಕೂಗಿಗೆ ರಸ್ತೆ ನೆರೆಯಿತು. ಪಕ್ಕದಂಗಡಿಯ ಟೈಲರ್ ವಿಜಯಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದಳು. ನಂಜುಂಡೇಶ ಪಾಸ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಅವೆಲ್ಲ ಹಳೇ ಕಾಲದ ಹೆಸರುಗಳು," ಎಂದರು ಪಾಸ್ಟರ್. "ಮಾಗೋಗ್ ಅಂದ್ರೆ ರಷ್ಯಾ ಅಂತ ಕೆಲವರು ಹೇಳ್ತಾರೆ. ನಾನು ಯಾವ ದೇಶಕ್ಕೂ ಬೆರಳು ತೋರಿಸಲ್ಲ. ಸಕಲ ಜನಾಂಗಗಳು ಅಂದ್ಮೇಲೆ ನಿಮ್ಮೂರೂ ಬಂತಲ್ಲ?"

"ಗಣೇಶನ ಫ್ಲೆಕ್ಸ್‌ನಾಗೆ 'ಮತ್ತು ಗ್ರಾಮಸ್ಥರು' ಅಂತ ಆಕಿ ನನ್ ಫೋಟೋ ಬುಟ್ರಲ್ಲ, ಅಂಗೇ ಇದು! ಎಸ್ರು ಆಕ್ಲಾ ನೀನು!" ಎಂದ ಹುಲಿಯಪ್ಪ.

ಆಗಲ್ಲ ಎನ್ನುವಂತಿರಲಿಲ್ಲ. ಹುಡುಗ ಎಂಥವನು ಎಂದು ಪರಮಶಿವಯ್ಯನವರು ಮೊದಲು ವಿಚಾರಿಸುವುದೇ ಹುಲಿಯಪ್ಪನ ಟೀ ಅಂಗಡಿಯಲ್ಲಿ. ನಂಜುಂಡೇಶ ಇಂಡಿಯಾವನ್ನು ಮೂಡಣಕ್ಕೆ ಎಳೆದ.

"ಮೂಡಣ ಅಂದ್ರೆ ಚೀನಾದೋರ್ ಪಕ್ಕನಾ? ಬ್ಯಾಡಪ್ಪ!" ಎಂದಳು ವಿಜಯಮ್ಮ. "ಬಿಳೀ ಬಟ್ಟೆಯೋರ್ ತಾವ ಆಕು."

ಇಂಡಿಯಾ ಸಿಂಹಾಸನದ ಮುಂದೆ ಬಂತು. ಅದರ ಹಿಂದೆಯೇ ಹಳ್ಳಿಮೈಸೂರು ಬಂತು. ಊರು ಬಂದ ಮೇಲೆ ಊರಿನವರು ಬರದಿರುತ್ತಾರೆಯೇ? ಕೂಲಿಂಗ್ ಗ್ಲಾಸ್ ಹಾಕಿದ ಹುಲಿಯಪ್ಪನ ಫೋಟೋ, ಕೈಮುಗಿದ ವಿಜಯಮ್ಮನ ಫೋಟೋ, ಅವರ ಕೆಳಗೆ 'ಶುಭ ಕೋರುವವರು' ಎಂಬ ಸಾಲು. ಯಾವುದಕ್ಕೆ ಶುಭ ಎಂದು ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಹಾಕಿ ಮಾವನ ಊರು ಬಿಟ್ಟರೆ ಹೇಗೆಂದು ನಂಜುಂಡೇಶನಿಗೇ ಹೊಳೆಯಿತು. ಕೆಳಗೆ ಜಾಗವಿರಲಿಲ್ಲ. ಮೇಲೆ ಸೂರ್ಯೋದಯದಂತೆ ಕೆಂಪಗೆ ಬೆಳಗುವ ಜಾಗ ಖಾಲಿ ಇತ್ತು. ಅಲ್ಲಿ ದಪ್ಪಕ್ಷರದಲ್ಲಿ 'ಅರಕಲಗೂಡು' ಎಂದು ಹಾಕಿ, ಪ್ರಿಂಟ್ ತೆಗೆದು, ಬಾಗಿಲ ಮುಂದೆ ಕಟ್ಟಿ ಒಣಗಲು ಬಿಟ್ಟ.

ಪರಮಶಿವಯ್ಯನವರು ಬಂದರು. "ಬಂಗಾರದಂತ ಉಡುಗ ಸಾ," ಎಂದ ಹುಲಿಯಪ್ಪ. ವಿಜಯಮ್ಮನೂ ಹೌದೆಂದಳು. ಪರಮಶಿವಯ್ಯನವರು ಫ್ಲೆಕ್ಸ್ ನೋಡಿ ಅರಳಿದರು.

"ಎಲ್ಲಾರ್ಗಿಂತ ಮೇಲೆ ನಮ್ಮೂರ್ನೇ ಆಕಿದೀರಲ್ಲಪ್ಪ! ಶ್ರಾವಣದಾಗೇ ಲಗ್ನ ಇಟ್ಕೊಳವಾ."

ನಂಜುಂಡೇಶನ ಕಣ್ಣು ತುಂಬಿತು. ಅಷ್ಟರಲ್ಲಿ ಫ್ಲೆಕ್ಸ್ ಒಯ್ಯಲು ಪಾಸ್ಟರ್ ಬಸ್ಸಿನಿಂದ ಇಳಿದರು. ಫ್ಲೆಕ್ಸ್ ಕಂಡು ಅಲ್ಲೇ ನಿಂತರು.

"ಸಾಮಿ, ನಮ್ಮೂರು ಇರೋದು ಯಾವ್ ಜಾಗ?" ಎಂದು ಕೇಳಿದರು ಪರಮಶಿವಯ್ಯ, ಹೆಮ್ಮೆಯಿಂದ.

ಪಾಸ್ಟರ್ ಸುಳ್ಳು ಹೇಳುವವರಲ್ಲ. "ಅದು ಮಾಗೋಗಿನ ಸೈನ್ಯ. ಆಕಾಶದಿಂದ ಬೆಂಕಿ ಬಿದ್ದು ಸುಟ್ಟುಹೋಗುತ್ತೆ."

"ಸೂರ್ಯೋದಯ ಅಲ್ವಾ ಸಾ?" ಎಂದ ನಂಜುಂಡೇಶ.

"ಬೆಂಕಿ, ನಂಜುಂಡೇಶ್."

ಪರಮಶಿವಯ್ಯನವರು ಫ್ಲೆಕ್ಸಿನ ಕೆಳಗಿದ್ದ ಫೋಟೋಗಳನ್ನು ನೋಡಿದರು. "ನಿಮ್ಮೂರೋರು ಸಿಂಹಾಸನದ್ ಮುಂದೆ, ಎಣ್ಣು ಕೊಡೋರು ಬೆಂಕೀಗಾ? ಅದ್ಕೆ ಇವ್ರೆಲ್ಲಾ ಶುಭ ಬ್ಯಾರೆ ಕೋರ್ತಾವ್ರೆ!" ಎಂದವರೇ ಸಿಕ್ಕಿದ ಬಸ್ಸು ಹತ್ತಿದರು.

ಪಾಸ್ಟರೂ ಫ್ಲೆಕ್ಸ್ ಬೇಡವೆಂದರು. "ನಮ್ ಫೋಟೋ ಚೆನ್ನಾಗ್ ಬಂದೈತೆ ಬುಡ್ಲಾ," ಎಂದು ಹುಲಿಯಪ್ಪ ಅದನ್ನು ಬಿಚ್ಚಿಕೊಂಡು ಹೋಗಿ ತನ್ನ ಟೀ ಅಂಗಡಿಯ ಮೇಲೆ ಕಟ್ಟಿಸಿದ.

ನಂಜುಂಡೇಶ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಪಾಸ್ಟರ್ ಪಕ್ಕದಲ್ಲಿ ಕೂತು ಬೆನ್ನು ಸವರಿದರು.

"ಮನಸ್ಸಿಗೆ ಹಚ್ಕೋಬೇಡಿ. ಈ ಮದುವೆ ಗಿದುವೆ ಎಲ್ಲ ಈ ಲೋಕದಲ್ಲಿ ಮಾತ್ರ. ಬರೋ ಲೋಕದಲ್ಲಿ ಯಾರೂ ಮದುವೆ ಆಗೋದೇ ಇಲ್ಲ."

ನಂಜುಂಡೇಶ ನಿಧಾನವಾಗಿ ತಲೆಯೆತ್ತಿದ.

"ಅಂದ್ರೆ, ಅಲ್ಲೂ ಇಲ್ವಾ ಸಾ?"