ಸಂತಾಪದ ಕೊಕ್ಕರೆ

"ಈ ವರ್ಷ ನನ್ನ ಕಾರ್ಡು ಪತ್ರಿಕೆಯಲ್ಲಿ ಬಂದೇ ಬರುತ್ತೆ. ಬರದಿದ್ರೆ ಈ ಸಾಮಾನಷ್ಟನ್ನೂ ಗಂಟು ಕಟ್ಟಿ ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಎಂದು ಡಾರ್ಲೀನ್ ವೋಗ್ಟ್ ಹೊಸ ವರ್ಷದ ಮೊದಲ ಬೆಳಗ್ಗೆ ಘೋಷಿಸಿದಳು.

ಸಭಿಕ ಒಬ್ಬನೇ, ಗಂಡ ವೆಂಡೆಲ್. ಅವನು ಅಡುಗೆಕಟ್ಟೆಗೆ ಆತುಕೊಂಡು ನಿಂತು ಓಟ್ಸ್ ಗಂಜಿ ತಿನ್ನುತ್ತಿದ್ದ. ನಿಂತು ಯಾಕೆಂದರೆ, ಊಟದ ಮೇಜು ಮೂರು ವರ್ಷದ ಹಿಂದೆಯೇ ಶುಭಾಶಯದ ಕಾರ್ಡು ಮಾಡುವ ಕಲೆಯ ವಶವಾಗಿತ್ತು. ಅದರ ಮೇಲೆ ನಾನೂರು ರಬ್ಬರ್ ಅಚ್ಚು, ಅರವತ್ತು ಬಣ್ಣದ ಶಾಯಿ, ರಿಬ್ಬನ್ನು, ಮಿಂಚುಪುಡಿ. ಆ ಮಿಂಚುಪುಡಿ ಗಂಜಿಯಲ್ಲೂ ಸಿಗುತ್ತಿತ್ತು, ವೆಂಡೆಲ್‌ನ ಹುಬ್ಬಿನಲ್ಲೂ ಸಿಗುತ್ತಿತ್ತು.

"ಯಾರಿಗೆ ಕೊಡ್ತೀಯ?" ಎಂದ ವೆಂಡೆಲ್.

"ಏನನ್ನ?"

"ಸಾಮಾನು. ಬರದಿದ್ರೆ."

ಆ ಪ್ರಶ್ನೆಯಲ್ಲಿ ಒಂದು ಚೂರು ಆಸೆ ಇಣುಕುತ್ತಿತ್ತು. ಡಾರ್ಲೀನ್ ಅದನ್ನು ಗಮನಿಸಿದಳು, ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ವಿಸ್ಕಾನ್ಸಿನ್‌ನ ಆ ಸಣ್ಣ ಊರಿನಲ್ಲಿ ಡಾರ್ಲೀನ್ ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಅರ್ಧ ಊರು ಅವಳ ಕೈಯ ಆಲೂಗಡ್ಡೆ ತಿಂದು ಬೆಳೆದಿತ್ತು. ಒಬ್ಬರಾದರೂ ಅದು ಚೆನ್ನಾಗಿತ್ತು ಅಂದವರಿಲ್ಲ. ನಿವೃತ್ತಿಯ ದಿನ ಅವಳಿಗೆ ಒಂದು ಗಡಿಯಾರ ಸಿಕ್ಕಿತು, ಅದರ ಮೇಲೆ ಕೆತ್ತಿದ್ದ ಹೆಸರು ಬೇರೆ ಯಾರದೋ. ಹಾಗಾಗಿ ದೇಶವೆಲ್ಲ ಓದುವ ಕರಕುಶಲ ಪತ್ರಿಕೆಯೊಂದರಲ್ಲಿ ತಾನು ಮಾಡಿದ ಕಾರ್ಡು, ಅದರ ಕೆಳಗೆ ತನ್ನ ಹೆಸರು ಅಚ್ಚಾಗಬೇಕೆಂಬ ಆಸೆ ಅವಳಿಗೆ ಹಸಿವಿನಂತೆ ಅಂಟಿಕೊಂಡಿತ್ತು. ಹದಿನೇಳು ಸಲ ಚಿತ್ರ ಕಳಿಸಿದ್ದಳು. ಆ ಪತ್ರಿಕೆಯವರು ಬೇಡ ಅಂತ ಬರೆಯುವವರಲ್ಲ. ಸುಮ್ಮನಿದ್ದುಬಿಡುತ್ತಾರೆ. ಹದಿನೇಳು ಸಲ ಸುಮ್ಮನಿದ್ದರು.

ಹದಿನೆಂಟನೆಯದಕ್ಕೆ ಫೆಬ್ರವರಿಯಲ್ಲಿ ಉತ್ತರ ಬಂತು. ಕೋರ್ಟ್ನಿ ಎಂಬ ಉಪಸಂಪಾದಕಿ ಇಮೇಲ್ ಬರೆದಿದ್ದಳು. "ನಿಮ್ಮ ಸಂತಾಪದ ಕಾರ್ಡಿನ ಕೊಕ್ಕರೆ ನಮ್ಮೆಲ್ಲರ ಬಾಯಿ ಕಟ್ಟಿತು. ಸೆಪ್ಟೆಂಬರ್ ಸಂಚಿಕೆಗೆ ಆರಿಸಿದ್ದೇವೆ. ಮೂಲ ಕಾರ್ಡನ್ನು ಹತ್ತು ದಿನದೊಳಗೆ ಕಳಿಸಿ."

ಡಾರ್ಲೀನ್ ಅದನ್ನು ಐದು ಸಲ ಓದಿ ಸಂಭ್ರಮಪಟ್ಟಳು. ಆರನೆಯ ಸಲ ಓದುವಾಗ 'ಮೂಲ ಕಾರ್ಡು' ಎಂಬ ಮಾತಿನ ಮೇಲೆ ಅವಳ ಕಣ್ಣು ನಿಂತಿತು. ಮೂಲ ಕಾರ್ಡು ಅವಳ ಬಳಿ ಇರಲಿಲ್ಲ. ನವೆಂಬರಿನಲ್ಲಿ ಎದುರುಮನೆಯ ಎಮಿಲ್ ನೊವಾಕ್ ತೀರಿಕೊಂಡಾಗ ಅವನ ಹೆಂಡತಿ ಬರ್ನೀಸ್‌ಗೆಂದೇ ಮಾಡಿದ ಕಾರ್ಡು ಅದು. ಬರ್ನೀಸ್‌ಗೆ ಕೊಟ್ಟೂ ಆಗಿತ್ತು.

"ಮತ್ತೆ ಪತ್ರಿಕೆಯವರು ಅದನ್ನ ಎಲ್ಲಿ ನೋಡಿದ್ರು?" ಎಂದು ಕೇಳಿದ ವೆಂಡೆಲ್.

"ಲಕೋಟೆಗೆ ಹಾಕೋಕೆ ಮುಂಚೆ ಸ್ಕ್ಯಾನ್ ಮಾಡ್ಕೊಂಡಿದ್ದೆ. ಎರಡು ನಿಮಿಷದ ಕೆಲಸ."

"ಎಮಿಲ್‌ನ ಇನ್ನೂ ಮಣ್ಣು ಮಾಡಿರಲಿಲ್ಲ ಆಗ."

"ಸ್ಕ್ಯಾನ್ ಮಾಡಿದ್ರಿಂದ ಅವನಿಗೇನು ತೊಂದರೆ ಆಯ್ತು?"

ವೆಂಡೆಲ್ ಟೋಪಿ ಹಾಕಿಕೊಂಡು ಗ್ಯಾರೇಜಿಗೆ ಹೋದ. ಈಚೆಗೆ ಅವನ ಉತ್ತರಗಳೆಲ್ಲ ಗ್ಯಾರೇಜಿನಲ್ಲೇ ಮುಗಿಯುತ್ತಿದ್ದವು.

ಹೊಸದು ಮಾಡಿದರಾಯಿತು ಎಂದು ಡಾರ್ಲೀನ್ ತೋಳೇರಿಸಿದಳು. ಅಚ್ಚು ಅದೇ, ಶಾಯಿ ಅದೇ, ಕಾಗದವೂ ಅದೇ. ಆದರೆ ಆ ಕೊಕ್ಕರೆಯ ಸುತ್ತಲಿದ್ದ ಮಂಜು ಅವಳು ಬೇಕೆಂದು ಮಾಡಿದ್ದಲ್ಲ. ಸಾವಿನ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಒದ್ದೆ ಕೈಯಿಂದ ಒಂದು ಹನಿ ಬಿದ್ದು ಶಾಯಿ ಹರಡಿ ತಾನಾಗಿ ಆದ ಮಂಜು ಅದು. ಈಗ ಹನಿಯನ್ನು ಲೆಕ್ಕ ಹಾಕಿ ಬೀಳಿಸಿದರೆ ಆಗುತ್ತದೆಯೇ? ಮೊದಲ ಕೊಕ್ಕರೆಗೆ ಗಡ್ಡ ಬಂತು. ಏಳನೆಯದು ಮೋರಿಯಲ್ಲಿ ನಿಂತಂತೆ ಕಂಡಿತು. ಹನ್ನೆರಡನೆಯದು ಶಾಯಿ ಒಣಗಿಸುವ ಯಂತ್ರದ ಬಿಸಿಗಾಳಿಗೆ ಸುಟ್ಟುಹೋಯಿತು. ನಾಲ್ಕು ದಿನದಲ್ಲಿ ಹತ್ತೊಂಬತ್ತು ಕೊಕ್ಕರೆಗಳು ಹುಟ್ಟಿದವು, ಒಂದಾದರೂ ದುಃಖಪಡುತ್ತಿದ್ದಂತೆ ಕಾಣಲಿಲ್ಲ.

ಐದನೆಯ ದಿನ ಅವಳು ದಾಲ್ಚಿನ್ನಿ ಕೇಕೊಂದನ್ನು ಬೇಯಿಸಿ, ಹಿಮ ತುಳಿದುಕೊಂಡು ರಸ್ತೆ ದಾಟಿ ಎದುರುಮನೆಯ ಬಾಗಿಲು ತಟ್ಟಿದಳು. ಕೊಟ್ಟ ಸಂತಾಪವನ್ನು ವಾಪಸು ಕೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ದಾರಿ ಇದ್ದದ್ದು ನಲವತ್ತು ಹೆಜ್ಜೆ.

ಬಾಗಿಲು ತೆರೆದ ಬರ್ನೀಸ್ ಕೇಕನ್ನೂ ನೋಡಿದಳು, ಡಾರ್ಲೀನಳನ್ನೂ ನೋಡಿದಳು.

"ನಿಂಗೆ ನೆನಪಿತ್ತಾ?" ಎಂದಳು.

ಏನು ನೆನಪಿರಬೇಕಿತ್ತೋ ಡಾರ್ಲೀನಳಿಗೆ ತಿಳಿಯಲಿಲ್ಲ. "ಮರೀತೀನಾ" ಎಂದಳು.

"ಇವತ್ತಿಗೆ ಅವರಿಗೆ ಎಪ್ಪತ್ತೊಂದು ತುಂಬ್ತಿತ್ತು. ಬೆಳಗ್ಗೆಯಿಂದ ಫೋನ್ ನೋಡ್ತಾ ಕೂತಿದ್ದೆ. ಮಗಳೂ ಮಾಡಲಿಲ್ಲ. ನವೆಂಬರಲ್ಲಿ ಮನೆ ತುಂಬ ಜನ, ಫ್ರಿಜ್ ತುಂಬ ಊಟ. ಆಮೇಲೆ ಒಬ್ಬರೂ ಈ ಕಡೆ ತಲೆ ಹಾಕಿಲ್ಲ ಕಣೇ. ನೀನು ಕೇಕ್ ಮಾಡ್ಕೊಂಡು ಬಂದಿದೀಯ."

ಕೇಕ್ ಕೊಟ್ಟು ಬಾಗಿಲಿಂದಲೇ ತಿರುಗಿ ಹೋಗಿದ್ದರೆ ಡಾರ್ಲೀನಳ ಮರ್ಯಾದೆ ಉಳಿಯುತ್ತಿತ್ತು. ಉಳಿದಿದ್ದು ಐದೇ ದಿನ ಎಂಬುದು ಅವಳನ್ನು ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿತು. ಎರಡು ಲೋಟ ಕಾಫಿ ಆಯಿತು. ಎಮಿಲ್‌ನ ಮೊಣಕಾಲು ನೋವಿನ ಕಥೆ, ಅವನು ಹಿಡಿದ ಮೀನಿನ ಕಥೆ ಎಲ್ಲ ಆಯಿತು. ಕೊನೆಗೆ ಡಾರ್ಲೀನ್ ವಿಷಯಕ್ಕೆ ಬಂದಳು.

"ಬರ್ನೀಸ್, ನಾನು ಕೊಟ್ಟಿದ್ನಲ್ಲ ಕಾರ್ಡು, ಇನ್ನೂ ಇಟ್ಕೊಂಡಿದೀಯಾ? ಇನ್ನೊಂದ್ಸಲ ನೋಡಬೇಕು ಅನ್ನಿಸ್ತು."

ಬರ್ನೀಸ್ ಎದ್ದು ಹೋಗಿ ಬೈಬಲ್ಲಿನೊಳಗಿಂದ ಒಂದು ಕಾಗದ ತಂದು ಮೇಜಿನ ಮೇಲಿಟ್ಟಳು. ಕಾರ್ಡಿನ ಒಳಭಾಗವಷ್ಟೇ ಇತ್ತು. ಮುಂಭಾಗವನ್ನು ನೀಟಾಗಿ ಕತ್ತರಿಸಿ ತೆಗೆದಿತ್ತು.

"ಇದನ್ನ ದಿನಾ ಓದ್ತೀನಿ. ಬಂದ ಎಪ್ಪತ್ತು ಕಾರ್ಡಲ್ಲಿ ನಾನು ಇಟ್ಟುಕೊಂಡದ್ದು ಇದೊಂದೇ."

ಕಾಗದದ ಮೇಲಿದ್ದದ್ದು ವೆಂಡೆಲ್‌ನ ಅಕ್ಷರ. ಡಾರ್ಲೀನಳಿಗೆ ಆಗ ನೆನಪಾಯಿತು. ಅವತ್ತು ಅವಳ ಕೈತುಂಬ ಅಂಟಿತ್ತು. "ಒಳಗೆ ಏನಾದ್ರೂ ಎರಡು ಸಾಲು ಗೀಚು" ಎಂದು ಗಂಡನ ಕೈಗೆ ಪೆನ್ನು ಕೊಟ್ಟಿದ್ದಳು. ಅವನು ಬರೆದುಕೊಟ್ಟ. ಅವಳು ಓದದೆ ಲಕೋಟೆ ಅಂಟಿಸಿದ್ದಳು. ಈಗ ಮೊದಲ ಸಲ ಓದಿದಳು.

"ಬರ್ನೀಸ್, ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಶನಿವಾರ ಎಮಿಲ್ ನಮ್ಮ ಗ್ಯಾರೇಜಿಗೆ ಬಂದು ಬಕೆಟ್ ಬೋರಲು ಹಾಕಿಕೊಂಡು ಕೂರುತ್ತಿದ್ದ. ನಾನು ಮಾತಾಡುತ್ತಿದ್ದದ್ದು ಅವನೊಬ್ಬನ ಜೊತೆ. ಇನ್ನು ನನಗೆ ಮಾತಾಡಲು ಯಾರೂ ಇಲ್ಲ. ವೆಂಡೆಲ್ ಮತ್ತು ಡಾರ್ಲೀನ್."

ಆ ಕೊನೆಯ ಎರಡು ವಾಕ್ಯದ ಪಕ್ಕದಲ್ಲೇ ತನ್ನ ಹೆಸರೂ ಇತ್ತು. ತಾನೂ ಒಪ್ಪಿ ಸಹಿ ಮಾಡಿದಂತೆ.

"ಎಷ್ಟು ಚೆನ್ನಾಗಿ ಬರೆದಿದಾನೆ ಅಲ್ವಾ?" ಎಂದಳು ಬರ್ನೀಸ್.

"ಹೌದು" ಎಂದಳು ಡಾರ್ಲೀನ್. ಒಂದು ಗುಟುಕು ತಣ್ಣಗಾದ ಕಾಫಿ ಕುಡಿದಳು. ಆಮೇಲೆ, ತನಗೇ ತನ್ನ ಮೇಲೆ ಅಸಹ್ಯವಾಗುತ್ತಿದ್ದರೂ, ಕೇಳಿದಳು: "ಮುಂದಿನ ಭಾಗ ಎಲ್ಲಿ ಹೋಯ್ತು?"

"ಚಿತ್ರಾನಾ? ಎಲ್ಲಾ ಕಾರ್ಡಿನ ಚಿತ್ರಗಳನ್ನೂ ಕತ್ತರಿಸಿ ಚರ್ಚಿಗೆ ಕೊಟ್ಟೆ. ಹಿಲ್ಡಾ ಅವನ್ನ ಹೊಸ ಕಾಗದಕ್ಕೆ ಅಂಟಿಸಿ ವೃದ್ಧಾಶ್ರಮಕ್ಕೆ ಕಳಿಸ್ತಾಳಲ್ಲ. ಹೂವೋ ಹಕ್ಕಿಯೋ, ಯಾವುದು ಯಾರದು ಅಂತ ನನಗೆ ನೆನಪಿಲ್ಲ."

ಚರ್ಚಿನ ನೆಲಮಾಳಿಗೆಯಲ್ಲಿ ಹಿಲ್ಡಾ ಟೆಸ್ಕೆ ಎಂಬ ಎಂಬತ್ತರ ಮುದುಕಿ ಮೂವತ್ತು ವರ್ಷದಿಂದ ಹಳೆಯ ಕಾರ್ಡುಗಳ ರಾಜ್ಯಭಾರ ನಡೆಸುತ್ತಿದ್ದಳು. ಡಾರ್ಲೀನ್ ಅಲ್ಲಿಗೆ ಓಡಿದಾಗ ಕೊಕ್ಕರೆ ಅವಳ ಮುಂದೆಯೇ ಇತ್ತು. ಪಕ್ಕದಲ್ಲಿ ಅಂಚಿಗೆ ಗರಗಸದ ಹಲ್ಲು ಮೂಡಿಸುವ ಕತ್ತರಿ ಬಾಯಿ ತೆರೆದು ಬಿದ್ದಿತ್ತು.

"ಹಿಲ್ಡಾ ಅವ್ರೇ, ಅದನ್ನ ಕತ್ತರಿಸಬೇಡಿ. ಅದು ನಂದು."

"ನಿಮ್ದಾ? ಬರ್ನೀಸ್ ಕೊಟ್ಟಿದ್ದು ಅಂತ ಇಲ್ಲಿ ಬರೆದಿದೆಯಲ್ಲ."

"ಬರ್ನೀಸ್‌ಗೆ ನಾನೇ ಕೊಟ್ಟಿದ್ದು."

"ಹಾಗಾದ್ರೆ ಬರ್ನೀಸ್‌ದಾಯ್ತು. ಅವಳು ದೇವರಿಗೆ ಕೊಟ್ಟಳು, ದೇವರದಾಯ್ತು. ದೇವರ ಹತ್ರ ವಾಪಸು ಕೇಳೋಕೆ ಬಂದಿದೀರಾ?"

ದೇವರ ಪರವಾಗಿ ಹಿಲ್ಡಾ ಚೌಕಾಸಿಗೆ ಒಪ್ಪಿದಳು. ಒಂದು ಕೊಕ್ಕರೆಗೆ ಬದಲಾಗಿ ಹತ್ತೊಂಬತ್ತು ಕೊಕ್ಕರೆ, ಮೇಲಿಂದ ಈಸ್ಟರ್ ತನಕ ಪ್ರತಿ ಬುಧವಾರ ಬಂದು ಕತ್ತರಿಸುವ ಸೇವೆ. ಹೀಗೆ ಗಡ್ಡದ ಕೊಕ್ಕರೆ, ಮೋರಿಯ ಕೊಕ್ಕರೆಗಳೆಲ್ಲ 'ಬೇಗ ಗುಣವಾಗಿ' ಎಂಬ ಹಾರೈಕೆಯ ಸಮೇತ ವೃದ್ಧಾಶ್ರಮ ಸೇರಿದವು.

ಅವತ್ತು ಮನೆಗೆ ಬಂದ ಡಾರ್ಲೀನ್ ಕೋಟು ಕೂಡ ತೆಗೆಯದೆ ಗ್ಯಾರೇಜಿಗೆ ಹೋದಳು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅಲ್ಲಿಗೆ ಅವಳು ಹೋದದ್ದು ಕಡಿಮೆ.

"ನಿಂಗೆ ಮಾತಾಡೋಕೆ ಯಾರೂ ಇಲ್ವಾ?"

ವೆಂಡೆಲ್ ಸ್ಪ್ಯಾನರ್ ಕೆಳಗಿಟ್ಟ. "ಓದಿದ್ಯಾ."

"ಊರಿಗೆಲ್ಲ ಹೇಳೋ ಬದಲು ನನಗೆ ಹೇಳಬಹುದಿತ್ತು."

"ಹೇಳಿದ್ದೆ. ಎರಡು ಸಲ. ಒಂದು ಸಲ ನೀನು 'ಶ್, ಶಾಯಿ ಒಣಗ್ತಿದೆ' ಅಂದೆ. ಇನ್ನೊಂದು ಸಲ ಆ ಬಿಸಿಗಾಳಿ ಯಂತ್ರ ಹಾಕಿಕೊಂಡಿದ್ದೆ, ನಿಂಗೆ ಕೇಳಿಸಲಿಲ್ಲ."

"ಕೂಗಿ ಹೇಳಬೇಕಿತ್ತು."

"ಕೂಗಿ ಹೇಳೋ ಮಾತಾಗಿರಲಿಲ್ಲ ಅದು."

ಇಲ್ಲಿ ಡಾರ್ಲೀನ್ ಅಲ್ಲೇ ಕುಳಿತು ಮಾತಾಡಿದಳು ಎಂದು ಬರೆಯುವುದಕ್ಕೆ ನನಗೂ ಆಸೆಯಿದೆ. ಆದರೆ ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತಿತ್ತು. ಅವಳು ಒಳಗೆ ಹೋಗಿ ಕೊಕ್ಕರೆಗೆ ಹೊಸ ಬೆನ್ನು ಅಂಟಿಸಿ, ನಾಲ್ಕು ಐವತ್ತಕ್ಕೆ ರವಾನಿಸಿ ಬಂದಳು.

ಏಪ್ರಿಲಿನಲ್ಲಿ ಕೋರ್ಟ್ನಿ ಮತ್ತೆ ಬರೆದಳು. ಓದುಗರಿಗೊಂದು ಕಿವಿಮಾತು ಬೇಕಂತೆ. ಡಾರ್ಲೀನ್ ಹೆಚ್ಚು ಯೋಚಿಸದೆ ಬರೆದು ಕಳಿಸಿದಳು.

ಸೆಪ್ಟೆಂಬರ್ ಸಂಚಿಕೆ ಬಂತು. ಎಪ್ಪತ್ತೊಂದನೇ ಪುಟ, ಎಡಗಡೆ ಮೇಲೆ. ಮಂಜಿನೊಳಗೆ ಕೊಕ್ಕರೆ, ಕೆಳಗೆ ಅವಳ ಹೆಸರು, ಒಂದಕ್ಷರವೂ ತಪ್ಪಿಲ್ಲದೆ. ಡಾರ್ಲೀನ್ ಆರು ಪ್ರತಿ ಕೊಂಡಳು. ಮೂರು ದಿನ ಆ ಪುಟವನ್ನು ಅಡುಗೆಕಟ್ಟೆಯ ಮೇಲೆ ತೆರೆದಿಟ್ಟಳು. ವೆಂಡೆಲ್ ಅದರ ಪಕ್ಕದಲ್ಲೇ ನಿಂತು ಮೂರು ದಿನವೂ ಗಂಜಿ ತಿಂದ. "ನೋಡಿದೆ" ಎಂದಷ್ಟೇ ಹೇಳಿದ.

ಭಾನುವಾರ ಚರ್ಚು ಮುಗಿಸಿ ಬರ್ನೀಸ್ ತೋಟದ ಟೊಮೆಟೊ ಹಿಡಿದುಕೊಂಡು ಬಂದಳು. ಪತ್ರಿಕೆಯನ್ನು ಡಾರ್ಲೀನ್ ಮುಚ್ಚುವ ಮೊದಲೇ ಅದು ಬರ್ನೀಸಳ ಕಣ್ಣಿಗೆ ಬಿತ್ತು. ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದಳು.

"'ಸಂತಾಪದ ಕಾರ್ಡಿನಲ್ಲಿ ಚಿತ್ರ ಮುಖ್ಯವಲ್ಲ. ಒಳಗೆ ನಿಮ್ಮ ಕೈಯಾರೆ, ಮನಸ್ಸಿನಿಂದ ನಾಲ್ಕು ಮಾತು ಬರೆಯಿರಿ. ಡಾರ್ಲೀನ್ ವೋಗ್ಟ್.' ಅಯ್ಯೋ, ಇದು ನೀನೇ ಕಣೇ. ಎಷ್ಟು ನಿಜ ಬರೆದಿದೀಯ." ಅವಳು ಬೆರಳ ತುದಿಯಿಂದ ಕೊಕ್ಕರೆಯನ್ನು ಮುಟ್ಟಿದಳು. "ಹಕ್ಕಿಯೂ ಚೆಂದ ಇದೆ. ಇಂಥದ್ದು ನಾನು ನೋಡೇ ಇಲ್ಲ. ಯಾರು ತೀರಿಕೊಂಡಿದ್ರು?"

ಡಾರ್ಲೀನ್ ಗಂಡನ ಕಡೆ ನೋಡಿದಳು, ಇದೊಂದು ಸಲ ಕಾಪಾಡು ಎಂಬಂತೆ.

ವೆಂಡೆಲ್ ಟೊಮೆಟೊ ಒಂದನ್ನು ಕೈಗೆತ್ತಿಕೊಂಡು ಅಂಗಿಗೆ ಒರೆಸಿದ.

"ಯಾರೂ ಇಲ್ಲ ಬರ್ನೀಸ್" ಎಂದ. "ಅದು ಪತ್ರಿಕೆಗೆ ಅಂತಲೇ ಮಾಡಿದ್ದು."