ಸೀಟು ಹೊತ್ತುಕೊಂಡು ಊರೂರು

ಸೀಟಿಗಾಗಿ ಜನ ಅಲೆಯುವುದನ್ನು ಎಲ್ಲರೂ ನೋಡಿದ್ದೀರಿ. ಜನಕ್ಕಾಗಿ ಸೀಟು ಅಲೆಯುವುದನ್ನು ನೋಡಬೇಕಿದ್ದರೆ ಜೂನಿನಲ್ಲಿ ನನ್ನ ಜೊತೆ ಬನ್ನಿ. ದಿನಕ್ಕೊಂದು ಫಜೀತಿ ಖಾತ್ರಿ. ನಾನು ಖಾಸಗಿ ವಿಶ್ವವಿದ್ಯಾಲಯವೊಂದರ ಅಡ್ಮಿಷನ್ ವಿಭಾಗದವಳು. ನಾವು ಕರೆದವರಲ್ಲಿ ಎಷ್ಟು ಜನ ಬಂದು ಸೇರಿದರು ಅನ್ನುವುದರ ಮೇಲೇ ನಮ್ಮ ಘನತೆ. ದೇಶವಿದೇಶ ಸುತ್ತಿಯೂ ಒಂದು ಕಡೆ ಕೂರಲಾರದ ನನಗೆ ಈ ಸಲ ಬಾಸ್ ಹೇಳಿಬಿಟ್ಟರು: "ಕೊಳ್ಳೇಗಾಲದ ಕಡೆಯಿಂದ ಒಬ್ಬರಾದರೂ ಸೇರದಿದ್ದರೆ ನಿಮ್ಮ ತಿರುಗಾಟ ಬಂದ್. ಆಫೀಸಲ್ಲೇ ಕೂತ್ಕೊಳಿ." ಜೈಲು ಅಂದಿದ್ದರೂ ಇಷ್ಟು ಹೆದರುತ್ತಿರಲಿಲ್ಲ.

೧. ಯಳಂದೂರು: ಜಾಸ್ತಿ ಓದಿದ ತಪ್ಪು

ಊರಿಗೇ ಹೆಚ್ಚು ಅಂಕ ತೆಗೆದ ಹುಡುಗಿಗೆ ನಾವು ಸೀಟು ಕೊಟ್ಟಿರಲಿಲ್ಲ. ಅಂಥವರು ಕರೆದರೂ ಇನ್ನೂ ದೊಡ್ಡ ಕಾಲೇಜಿಗೆ ಹೋಗಿಬಿಡುತ್ತಾರೆ, ನಮ್ಮ ಲೆಕ್ಕ ಕೆಡುತ್ತದೆ. ಅವಳಪ್ಪ ಬಸ್ ಸ್ಟ್ಯಾಂಡಿನಲ್ಲೇ ನನ್ನನ್ನು ಹಿಡಿದರು.

"ಯಾಕವ್ವ, ನಮ್ ಮಗೀಗೆ ಕೊಡ್ನಿಲ್ಲ?"

"ತುಂಬಾ ಜಾಣೆ. ಅದಕ್ಕೇ."

ಅವರು ಇನ್ನೂ ಹತ್ತಿರ ಬಂದರು. "ಅಂಗಾದ್ರೆ ನಮ್ಮಣ್ಣನ್ ಮಗ ಒಬ್ಬ ಅವ್ನೆ. ಅವುನ್ನ ಕಂಡ್ರೆ ನಿಮ್ಗೆ ಬಾಳ ಕುಸಿ ಆಯ್ತದೆ."

೨. ಕೊಳ್ಳೇಗಾಲ: ಶುಕ್ರವಾರದ ಗಡುವು

ಇಲ್ಲಿ ನಾವು ಸೀಟು ಕೊಟ್ಟಿದ್ದ ಹುಡುಗನ ಮನೆಗೆ ಹೋದರೆ ಸೋಫಾದ ಮೇಲೆ ಬೇರೆ ಎರಡು ಕಾಲೇಜಿನವರು ಆಗಲೇ ಕಾಫಿ ಕುಡಿಯುತ್ತಿದ್ದರು. ಹುಡುಗನ ತಾಯಿ ಅವರಿಬ್ಬರಿಗೂ ಹೂಂ ಅಂದಿದ್ದರು, ನನಗೂ ಅಂದರು. "ಮನೆಗಂಟ ಬಂದೋರ್ಗೆ ಇಲ್ಲ ಅನ್ನಕ್ಕಾದ್ದಾ ಮೇಡಂ?"

ನಾನು ಕೊನೆಯ ಅಸ್ತ್ರ ಬಿಟ್ಟೆ: "ಶುಕ್ರವಾರ ಸಂಜೆಯೊಳಗೆ ಸೇರಿದರೆ ಮಾತ್ರ ಫೀಸಿನಲ್ಲಿ ರಿಯಾಯಿತಿ."

ಆಕೆ ಕನಿಕರದಿಂದ ನೋಡಿದರು. "ಸಂತೇಲೂ ಸಂಜೆ ಮೇಲೆ ಇಂಗೇ ಕೂಗ್ತರೆ. ಸೊಪ್ಪು ಬಾಡೋಯ್ತದಲ್ಲ, ಪಾಪ."

೩. ಬಂಡಳ್ಳಿ: ಮನೆ ನೋಡೋ ಶಾಸ್ತ್ರ

ಇನ್ನು ಉಳಿದಿದ್ದು ಹನೂರಿನಾಚೆ ಬಂಡಳ್ಳಿಯ ಗೌಡರ ಮಗಳೊಬ್ಬಳೇ. ಮೂರು ಸಲ ಅವರ ಮನೆ ಬಾಗಿಲಿಗೆ ಹೋಗಿ ಕರೆದೆ. ಹುಡುಗಿಗೆ ಮನಸ್ಸಿತ್ತು. ಅಪ್ಪ ಮಾತ್ರ, "ಎಣ್ಮಗ್ಳ ಕಳ್ಸೋ ಮುಂಚೆ ಮನೆ ನೋಡ್ಬೇಕಲ್ವಾ," ಅಂದರು. ಗಂಡಿನ ಮನೆ ನೋಡಲು ಹೋಗುವ ಹಾಗೇ ಒಂದು ಬೆಳಿಗ್ಗೆ ದೊಡ್ಡಪ್ಪ, ಸೋದರಮಾವ, ಇಬ್ಬರು ಅತ್ತೆಯರ ಸಮೇತ ಟೆಂಪೊದಲ್ಲಿ ಕ್ಯಾಂಪಸ್ಸಿಗೇ ಬಂದಿಳಿದರು. ಹಾಸ್ಟೆಲ್ಲಿನ ನಲ್ಲಿಗಳನ್ನೆಲ್ಲ ತಿರುಗಿಸಿದರು, ಸಾರಿನ ಪಾತ್ರೆಗೆ ಸೌಟು ಹಾಕಿ ಕಲಕಿ ನೋಡಿದರು. ಮಾತು ಮುಗಿಯುವವರೆಗೆ ಆ ಮನೆಯ ನೀರೂ ಮುಟ್ಟುವಂತಿಲ್ಲವಂತೆ. ಬಾಸ್ ಕಾಫಿ ಹಿಡಿದುಕೊಂಡು ಹಿಂದೆ ಹಿಂದೆ ಓಡಾಡಿದರು.

ಕೊನೆಗೆ ಗೌಡರು ವಂಶದ ವಿಚಾರ ತಿಳಿಯಲು ಗೇಟಿನೆದುರಿನ ಟೀ ಅಂಗಡಿಗೆ ಹೋದರು. ಮುಖ ಇಳಿಸಿಕೊಂಡು ಬಂದರು.

"ಕೆಟ್ಟದಾಗಿ ಹೇಳಿದ್ರಾ ಗೌಡ್ರೆ?"

"ಇಲ್ಲ ಕಣವ್ವ, ಒಳ್ಳೇದೇ ಏಳ್ದ. ಬೋ ದೊಡ್ ಕಾಲೇಜಂತೆ, ಸೀಟ್ ಕೇಳ್ಕಂಡ್ ಬರೋ ನೂರಾರು ಜನ್ವ ಬ್ಯಾಡ ಅಂತ ವಾಪಸ್ ಕಳ್ಸ್ತದಂತೆ."

"ಮತ್ತೇನು?"

ಎಲ್ಲರನ್ನೂ ಟೆಂಪೊ ಹತ್ತಿಸಿ, ತಾವೂ ಹತ್ತುತ್ತಾ ಅಂದರು: "ಅಷ್ಟ್ ಜನ್ವ ಒಲ್ಲೆ ಅಂದಿರೋ ಗಂಡು ನಮ್ ಬಾಗ್ಲಿಗೆ ಮೂರ್ ಸಲಿ ಯಾಕವ್ವ ಬಂತು? ಒಳ್ಗೆ ಏನೋ ಐಬದೆ."